ಟಾಯ್ಲೆಟ್ ಗೋಡೆಯ ಕ್ಯಾಲೆಂಡರು

ಹೇಗ್ ಪಟ್ಟಣದಲ್ಲಿ ಪ್ರಧಾನಿ ಸೀಬ್ರೆನ್ ಪೋಸ್ಟುಮಾನ ಮನೆಯ ಟಾಯ್ಲೆಟ್ಟಿನಿಂದ ಹೊರಬಂದ ಹಾರ್ಮ್ ವೋಲ್ಟಿಂಗನ ಮುಖ ಬೀಟ್‌ರೂಟಿನಂತಾಗಿತ್ತು. ಹಾರ್ಮ್ ರೈತ ಪಕ್ಷದ ನಾಯಕ. ಮೂರು ಪಕ್ಷಗಳ ಮುಕ್ಕಾಲಿಯಂಥ ಸರ್ಕಾರದಲ್ಲಿ ಒಂದು ಕಾಲು ಅವನದು.

"ನನ್ನ ಹೆಸರೇ ಇಲ್ಲ!"

"ಎಲ್ಲಿ ಇಲ್ಲ?" ಎಂದ ಸೀಬ್ರೆನ್, ಬಿಸ್ಕತ್ತಿನ ಡಬ್ಬಿಗೆ ಮುಚ್ಚಳ ಹಾಕುತ್ತ. ಕಾಫಿಯ ಜೊತೆ ತಲೆಗೊಂದೇ ಬಿಸ್ಕತ್ತು. ಪ್ರಧಾನಿಯ ಮನೆಯಾದರೇನು, ಪದ್ಧತಿ ಪದ್ಧತಿಯೇ.

"ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ! ಹನ್ನೆರಡು ತಿಂಗಳೂ ಮಗುಚಿ ನೋಡ್ದೆ. ನಿನ್ನ ಹಲ್ಲಿನ ಡಾಕ್ಟ್ರಿದ್ದಾರೆ, ಪಕ್ಕದ್ಮನೆ ಅಜ್ಜಿ ಇದ್ದಾರೆ. ಹನ್ನೊಂದು ತಿಂಗಳಿಂದ ನಿನ್ನ ಜೊತೆ ಏಗ್ತಿರೋ ನಾನಿಲ್ಲ. ಆದ್ರೆ ಡಿಯೂಕೆ ಇದ್ದಾಳೆ! ಜೂನ್ ಪುಟದಲ್ಲಿ, ನೀಲಿ ಶಾಯಿಯಲ್ಲಿ!"

ಸೀಬ್ರೆನ್ ಕಣ್ಣು ಮುಚ್ಚಿಕೊಂಡ. ಆ ದೇಶದಲ್ಲಿ ಮನೆಮನೆಯ ಟಾಯ್ಲೆಟ್ ಗೋಡೆಯಲ್ಲೂ ಇಂಥದೊಂದು ಕ್ಯಾಲೆಂಡರು ತೂಗುತ್ತದೆ. ಅದರಲ್ಲಿ ವಾರವಿಲ್ಲ, ವರ್ಷವಿಲ್ಲ. ಒಮ್ಮೆ ಬರೆದ ಹೆಸರು ಜೀವಮಾನವಿಡೀ ಇರುತ್ತದೆ. ಸತ್ತವರ ಹೆಸರಿಗೆ ಮಾತ್ರ ಗೆರೆ ಎಳೆಯುತ್ತಾರೆ. ಡಿಯೂಕೆ ಈಗ ವಿರೋಧ ಪಕ್ಷದ ನಾಯಕಿ, ಹಿಂದಿನ ಸರ್ಕಾರದಲ್ಲಿ ಸೀಬ್ರೆನ್‌ನ ಮಿತ್ರಪಕ್ಷದವಳು. ಆ ಸರ್ಕಾರ ಬಿತ್ತು, ಕ್ಯಾಲೆಂಡರು ಬೀಳಲಿಲ್ಲ. ಅಷ್ಟೇ ವಿಷಯ.

ಆದರೆ ಅಂದು ಸಂಜೆ ನಾಲ್ಕಕ್ಕೆ ಬಜೆಟ್ಟಿನ ಮತದಾನ. ನೂರೈವತ್ತರಲ್ಲಿ ಇವರದು ಎಪ್ಪತ್ತಾರು, ಒಬ್ಬ ಕೈಕೊಟ್ಟರೂ ಮುಗಿಯಿತು. ಗೆದ್ದರೆ ಬೇಸಿಗೆ ರಜೆ. ಬೆಳಗಾದರೆ ಹೆಂಡತಿ ಹಿಸ್ಕೆಯ ಜೊತೆ ಉತ್ತರದ ಸರೋವರಗಳ ಸೀಮೆ ಫ್ರೀಸ್‌ಲಾಂಡಿಗೆ, ತನ್ನ ಹಳೆಯ ದೋಣಿಗೆ, ಎರಡು ವಾರ! ಮೂರು ಸಲ ಮಾತು ಕೊಟ್ಟು ಮೂರು ಸಲವೂ ತಪ್ಪಿದ್ದ. ಪಾಪ, ಅವನಿಗೆ ಎಷ್ಟು ಸುಸ್ತಾಗಿತ್ತೆಂದರೆ ಹಿಂದಿನ ದಿನ ಸಿಗ್ನಲ್ಲಿನಲ್ಲಿ ಸೈಕಲ್ಲಿನ ಮೇಲೆಯೇ ತೂಕಡಿಸಿದ್ದ.

ಅಷ್ಟರಲ್ಲಿ, ಕಾಫಿಗೆ ಬಂದಿದ್ದ ಮೂರನೆಯ ಪಕ್ಷದ ನಾಯಕಿ ಲೀಡೆವೈ ತಾನೂ ಹೋಗಿ ನೋಡಿ ಬಂದಳು. ಅವಳು ಕೂಗಾಡಲಿಲ್ಲ, ಅದೇ ಭಯ.

"ನಾನಿದ್ದೀನಿ," ಎಂದಳು. "ಪೆನ್ಸಿಲ್ಲಿನಲ್ಲಿ."

"ಅವತ್ತು ಪೆನ್ನು ಸಿಗಲಿಲ್ಲ ಕಣಮ್ಮ!"

"ಅಳಿಸೋಕೆ ಸುಲಭ ಆಗ್ಲಿ ಅಂತ, ಅಲ್ವಾ?"

ಹಾರ್ಮ್ ಆಗಲೇ ಫೋನಿನಲ್ಲಿ ತನ್ನ ಪಕ್ಷದವರ ಕಿವಿ ಊದುತ್ತಿದ್ದ: "ಒಳಗೊಳಗೇ ಡಿಯೂಕೆ ಜೊತೆ ಕೈ ಜೋಡಿಸಿದ್ದಾನೆ. ನಾನೇ ಕಣ್ಣಾರೆ ನೋಡ್ದೆ." ಹನ್ನೊಂದರ ಹೊತ್ತಿಗೆ ಸುದ್ದಿ ರೇಡಿಯೋಗೆ ಮುಟ್ಟಿತು. ಪಕ್ಕದ ಮನೆಯ ಅಜ್ಜಿ ಬಂದು ಬೆಲ್ ಒತ್ತಿ, "ನನ್ನ ಹೆಸರು ಇದೆ ತಾನೆ?" ಎಂದು ವಿಚಾರಿಸಿಕೊಂಡು ಹೋದಳು.

ಸೀಬ್ರೆನ್ ಪೆನ್ನು ಹಿಡಿದು ಒಳನಡೆದ. ಮಾರ್ಚ್ ಪುಟದಲ್ಲಿ ಹಾರ್ಮ್‌ನ ಹೆಸರನ್ನು ದಪ್ಪಕ್ಷರದಲ್ಲಿ ಬರೆದ. ಲೀಡೆವೈಯ ಹೆಸರಿನ ಮೇಲೆ ಶಾಯಿಯಲ್ಲಿ ತಿದ್ದಿದ. ಒಬ್ಬರೇ ಹಿಡಿಸುವ ಆ ಜಾಗಕ್ಕೆ ಇಬ್ಬರೂ ಕತ್ತು ತೂರಿಸಿ ಕಾವಲು ನಿಂತಿದ್ದರು.

"ಇನ್ನು ಅವಳನ್ನ ಹೊಡೆದುಹಾಕು," ಎಂದ ಹಾರ್ಮ್.

ಅಡುಗೆಮನೆಯಿಂದ ಹಿಸ್ಕೆ ಓಡಿಬಂದಳು. "ಬದುಕಿರೋರ ಹೆಸರಿಗೆ ಗೆರೆ ಎಳೀತಾರೇನೋ? ಅದೊಂದು ಮಾಡ್ಬೇಡ, ಸೀಬ್ರೆನ್."

"ದೋಣಿಗೆ ಹೋಗೋದು ಬೇಡ್ವಾ ನಿಂಗೆ?" ಎಂದು ಗೊಣಗಿ, ಸೀಬ್ರೆನ್ ಮುಖ ತಿರುಗಿಸಿಕೊಂಡೇ ಗೆರೆ ಎಳೆದ. ಮಿತ್ರರು ತಣ್ಣಗಾದರು. ಆ ಮನೆಯಲ್ಲಿ ಮೊದಲ ಸಲ ಎರಡನೆಯ ಬಿಸ್ಕತ್ತು ಹಂಚಲಾಯಿತು.

ಅವರು ಹೋದ ಮೇಲೆ, ಒಂದೂವರೆಗೆ ಹಾರ್ಮ್‌ನ ಫೋನು. "ಸೀಬ್ರೆನ್, ಒಂದು ಯಡವಟ್ಟಾಗಿದೆ. ಬೆಳಿಗ್ಗೆ ನಾನು ಹೇಳಿದ್ದನ್ನೇ ನಂಬ್ಕೊಂಡು ನಮ್ಮವನೊಬ್ಬ ಪಕ್ಷ ಬಿಟ್ಟ. ನಮ್ಮ ವಿರುದ್ಧ ಮತ ಹಾಕ್ತಾನಂತೆ. ಏನು ಹೇಳಿದ್ರೂ ಕೇಳ್ತಿಲ್ಲ, ಮಾರಾಯ."

ಎಪ್ಪತ್ತೈದಕ್ಕೆ ಎಪ್ಪತ್ತೈದು. ಸಮಸಮ ಬಂದರೆ ಬಜೆಟ್ ಬಿದ್ದಂತೆಯೇ. ಸೀಬ್ರೆನ್ ತಲೆಯ ಮೇಲೆ ಕೈಹೊತ್ತು ಕೂತ.

ಆಗ ಬೆಲ್ ಸದ್ದಾಯಿತು. ಬಾಗಿಲಲ್ಲಿ ಡಿಯೂಕೆ, ಕೈಯಲ್ಲಿ ಕೇಕಿನ ಡಬ್ಬಿ!

"ಏನೋ ಹಳೇ ಗೆಳೆಯ, ಮುಖ ಯಾಕೆ ಹಿಂಗಿದೆ?" ಎಂದು ನಗುತ್ತ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ನೋಡು, ಈಗ ಚುನಾವಣೆ ನಮಗೂ ಬೇಡ. ನಮ್ಮವರಿಬ್ಬರು ಇವತ್ತು ಸಭೆಗೆ ಬರಲ್ಲ. ನಿನ್ನ ಬಜೆಟ್ ಪಾಸಾಗುತ್ತೆ, ಹೋಗಿ ದೋಣಿಲಿ ಮಲಕ್ಕೋ. ತಡಿ, ಅಷ್ಟು ದೂರ ಸೈಕಲ್ ತುಳಿದು ಬಂದಿದ್ದೀನಿ. ಟಾಯ್ಲೆಟ್ ಎಲ್ಲಿ ಅಂತ ನಂಗೊತ್ತು."

ಸೀಬ್ರೆನ್ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಚಿಲಕ ಬಿತ್ತು.

ಹಿಸ್ಕೆ ಡಬ್ಬಿಯನ್ನೇ ದಿಟ್ಟಿಸುತ್ತಿದ್ದಳು. ಅವರಲ್ಲಿ ಕೇಕನ್ನು ಯಾರ ಹುಟ್ಟುಹಬ್ಬವೋ ಅವರೇ ತರುವುದು. "ಸೀಬ್ರೆನ್," ಎಂದಳು ಮೆಲ್ಲಗೆ, "ಇವತ್ತು ತಾರೀಕು ಎಷ್ಟು?"

ಜೂನ್ ಇಪ್ಪತ್ತೆಂಟು. ಬೆಳಿಗ್ಗೆಯಿಂದ ಎಲ್ಲರೂ ಹೆಸರು ಓದಿದ್ದರು, ತಾರೀಕು ಯಾರೂ ಓದಿರಲಿಲ್ಲ.

ತುಂಬ ಹೊತ್ತಾದ ಮೇಲೆ ಡಿಯೂಕೆ ಹೊರಬಂದಳು. ಡಬ್ಬಿಯನ್ನು ಎತ್ತಿ ಕಂಕುಳಿಗೇರಿಸಿದಳು.

"ಡಿಯೂಕೆ, ಅದು ಏನಾಯ್ತು ಅಂದ್ರೆ..."

"ಬಿಡು ಸೀಬ್ರೆನ್. ಸತ್ತವರು ಯಾರ ಸರ್ಕಾರಾನೂ ಉಳಿಸಲ್ಲ." ಕೇಕಿನ ಸಮೇತ ಸೈಕಲ್ ಹತ್ತಿ ಹೊರಟೇಬಿಟ್ಟಳು. ಸೀಬ್ರೆನ್‌ಗೆ ನಿಜವಾಗಿ ನಾಚಿಕೆಯಾಯಿತು.

ಐದಕ್ಕೆಲ್ಲ ಸರ್ಕಾರ ಬಿತ್ತು. ಅಬ್ಬಾ, ಹೋಗಲಿ, ದೋಣಿಯಾದರೂ ಸಿಕ್ಕಿತು ಎಂದು ಉಸಿರುಬಿಟ್ಟ ಸೀಬ್ರೆನ್‌ಗೆ ಸದನದ ಕಾರ್ಯದರ್ಶಿ ನಿಯಮ ನೆನಪಿಸಿದರು: ಹೊಸ ಸರ್ಕಾರ ಬರುವ ತನಕ ಬಿದ್ದ ಪ್ರಧಾನಿಯೇ ಕೆಲಸ ನೋಡಿಕೊಳ್ಳಬೇಕು. ಕಳೆದ ಸಲ ಅದಕ್ಕೆ ಹತ್ತು ತಿಂಗಳು ಹಿಡಿದಿತ್ತು. ಈ ಸಲ ಚುನಾವಣೆ ತಪ್ಪಿಸಬೇಕೆಂದರೆ, ಯಾವ ಕಡೆಯಿಂದ ಕೂಡಿದರೂ ಡಿಯೂಕೆ ಇಲ್ಲದೆ ಲೆಕ್ಕ ಎಪ್ಪತ್ತಾರು ಮುಟ್ಟುತ್ತಿರಲಿಲ್ಲ.

ಮನೆಗೆ ಬಂದಾಗ ಹಿಸ್ಕೆ ತನ್ನೊಬ್ಬಳದೇ ಬಟ್ಟೆ ಜೋಡಿಸುತ್ತಿದ್ದಳು. "ಪೆನ್ನು ಡ್ರಾಯರಿನಲ್ಲಿದೆ," ಎಂದಳು, "ಅವಳ ಹೆಸರು ಮತ್ತೆ ಬರಿ."

ಸೀಬ್ರೆನ್ ಪೆನ್ನು ಹಿಡಿದು ಟಾಯ್ಲೆಟ್ಟಿಗೆ ಹೋದ. ಜೂನ್ ಇಪ್ಪತ್ತೆಂಟರಲ್ಲಿ ಬರೆಯಲು ಜಾಗವೇ ಉಳಿದಿರಲಿಲ್ಲ. ತಾನು ಹೊಡೆದುಹಾಕಿದ ಹೆಸರಿನ ಕೆಳಗೆ ಡಿಯೂಕೆಯ ಕೈಬರಹದಲ್ಲಿ 'ಸೀಬ್ರೆನ್‌ನ ಸರ್ಕಾರ' ಎಂದಿತ್ತು, ಅದರ ಮೇಲೊಂದು ನೇರ ಗೆರೆ. ಪೆನ್ಸಿಲ್ಲಿನಲ್ಲಲ್ಲ, ಶಾಯಿಯಲ್ಲಿ.