ನಮ್ಮ ದೇವರ ಮನೆಯ ಬಾಗಿಲಿಂದ ಬಂದ ದೆವ್ವ

ಕೆಲವರ ಮನೆಗೆ ನೆಂಟರು ತಪ್ಪದೆ ಬರುತ್ತಾರೆ, ನನ್ನ ಮನೆಗೆ ಪೇಚಾಟಗಳು ತಪ್ಪದೆ ಬರುತ್ತವೆ. ಕೇಳಿದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ. ಸಿಟ್ಟಿನಲ್ಲೇ ಬರೆಯಲು ಕುಳಿತಿದ್ದೇನೆ, ನೀವು ನಕ್ಕರೆ ಅದು ನಿಮಗೆ ಬಿಟ್ಟದ್ದು.

ನಾನು ಕಂಪ್ಲಿಯವನು. ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ವಿಭೂತಿ, ಕರ್ಪೂರ, ತೆಂಗಿನಕಾಯಿ ಮಾರುವ ಅಂಗಡಿ ಇದೆ. ಮನೆ ಮುತ್ತಜ್ಜನ ಕಾಲದ್ದು. ಸಾಗುವಾನಿ ಕಂಬಗಳು, ಕತ್ತಲೆ ಪಡಸಾಲೆ, ಅದರ ಕೊನೆಯಲ್ಲಿ ದೇವರ ಮನೆ. ದೇವರ ಮನೆಯ ಬಾಗಿಲಿಗೆ ಹಿತ್ತಾಳೆಯ ಹೂಗಳನ್ನು ಹೊಡೆದಿದ್ದಾರೆ. ಆ ಬಾಗಿಲ ಹಿಂದೆ ದೀಪ ಆರಿದ ದಿನವನ್ನು ನಾನು ಕಂಡಿಲ್ಲ.

ಸಂಡೂರಿನ ಗಣಿಗಳ ಕೆಂಪು ಮಣ್ಣು ಅದಿರೆಂದು ಹಡಗು ಹತ್ತಿ ಹೋಗುತ್ತಿದ್ದ ಕಾಲ ಅದು. ಆ ಮಣ್ಣಿನಿಂದ ಮೇಲೆದ್ದ ಒಬ್ಬ ಧಣಿಗೆ ಸಿನಿಮಾ ತೆಗೆಯುವ ಹುಚ್ಚು ಹಿಡಿಯಿತು. ಆರಿಸಿಕೊಂಡದ್ದು ನಮ್ಮ ತಾಯಂದಿರ ಕಾಲದಿಂದ ಹೆಂಗಸರು ಕೈಯಿಂದ ಕೈಗೆ ದಾಟಿಸಿ ಓದಿದ ಒಂದು ಹಳೆಯ ಕಾದಂಬರಿ. ಆಸ್ತಿಯ ಆಸೆಗೆ ಅಣ್ಣನೊಬ್ಬ ತಂಗಿಯನ್ನು ಇಪ್ಪತ್ತು ವರ್ಷ ಕೋಣೆಯಲ್ಲಿ ಕೂಡಿ ಹಾಕಿ, ಸತ್ತಳೆಂದು ಊರಿಗೆಲ್ಲ ಹೇಳುತ್ತಾನೆ. ಕೋಣೆಯಿಂದ ಬರುವ ಸದ್ದನ್ನು ಜನ ದೆವ್ವದ ಸದ್ದೆಂದು ನಂಬುತ್ತಾರೆ. ಕೊನೆಗೆ ಬಾಗಿಲು ಒಡೆದರೆ ಒಳಗಿರುವುದು ದೆವ್ವವಲ್ಲ, ಬದುಕಿರುವ ಹೆಣ್ಣು. ಅದನ್ನು ಓದಿ ಅಳದ ಹೆಂಗಸು ನಮ್ಮ ಕಡೆ ಇಲ್ಲ.

ಸಿನಿಮಾದ ನಿರ್ದೇಶಕ ನಮ್ಮ ಮನೆ ನೋಡಿ, ನನ್ನ ಕಾಲಿಗೆ ಬಿದ್ದು ಕೇಳಿದ. ನನ್ನಾಕೆಯೂ “ಆ ಪುಸ್ತಕದ ಸಿನಿಮಾ ಅಂತ್ರೀ, ಕೊಡ್ರಿ” ಎಂದಳು. ನಾನು ಒಂದೇ ಮಾತು ಹೇಳಿದೆ: “ಇಡೀ ಮನಿ ನಿಮ್ಮದು. ದೇವರ ಮನಿ ಕಡೆ ಮಾತ್ರ ಕ್ಯಾಮೆರಾ ತಿರುಗಿಸಬ್ಯಾಡ್ರಿ.” ನಿರ್ದೇಶಕ ನನ್ನ ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟ. ಅದನ್ನು ನಂಬಿ, ಶೂಟಿಂಗಿನ ದಿನಗಳಲ್ಲಿ ದೇವರ ದೀಪಕ್ಕೆ ಎಣ್ಣೆ ಹಾಕಿ ಮನೆಮಂದಿಯೆಲ್ಲ ಅಂಗಡಿಯಲ್ಲಿ ಕೂರುತ್ತಿದ್ದೆವು. ಆಗ ಕೊಟ್ಟ ಭಾಷೆಯ ಫಲವೇ ಮುಂದಿನದೆಲ್ಲ.

೧. ಮೊದಲ ದಿನ, ಮೊದಲ ಆಟ

ಹೊಸಪೇಟೆಯ ಟಾಕೀಸಿಗೆ ಹೆಂಡತಿ, ಮಗಳನ್ನು ಕರೆದುಕೊಂಡು ಹೋದೆ. ಮಗಳಿಗೆ ಆಗ ಗಂಡು ಗೊತ್ತಾಗುವುದರಲ್ಲಿತ್ತು. ಸಂಡೂರು ಕಡೆಯ ವಡ್ಡು ಎಂಬ ಊರಿನ ಹುಡುಗ, ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ, ದುಶ್ಚಟವಿಲ್ಲ. ತಂದೆ ಇಲ್ಲ, ತಾಯಿಯದೇ ಮನೆಯಾಳಿಕೆ. ಮೂರು ವಾರ ಬಿಟ್ಟು ಸೋಮವಾರ ಹೆಣ್ಣು ನೋಡಲು ಬರುವವರಿದ್ದರು. ಎರಡು ವರ್ಷ ಹುಡುಕಿದ ಮೇಲೆ ಕೂಡಿಬಂದ ಸಂಬಂಧ, ಮೂವರೂ ಹಿಗ್ಗಿನಲ್ಲಿದ್ದೆವು.

ಅರ್ಧ ಸಿನಿಮಾ ಆಗಿರಬೇಕು. ಪರದೆಯ ಮೇಲೆ ಹಿತ್ತಾಳೆ ಹೂಗಳ ಬಾಗಿಲು ಕಿರ್ರೆಂದು ತೆರೆಯಿತು. ಒಳಗಿಂದ ತಲೆ ಬಿಟ್ಟುಕೊಂಡು, ಬಿಳಿ ಸೀರೆ ಉಟ್ಟು, ಕೈಯಲ್ಲಿ ದೀಪ ಹಿಡಿದು ದೆವ್ವ ಬಂತು. ಕಾದಂಬರಿಯ ಬದುಕಿರುವ ತಂಗಿ ಸಿನಿಮಾದಲ್ಲಿ ನಿಜವಾದ ದೆವ್ವವಾಗಿದ್ದಳು, ಅದೂ ನಮ್ಮ ಶಿವನ ಬಾಗಿಲಿಂದ. ನಾನು ಎದ್ದು ನಿಂತು ಕೂಗಿದೆ: “ನಿಲ್ಲಸ್ರಿ! ಅದು ನಮ್ಮ ದೇವರ ಮನಿ! ನಿಲ್ಲಸ್ರಿ!”

ಹಿಂದಿನ ಸಾಲಿನಿಂದ ಒಬ್ಬ ಭಾಳ ಮರ್ಯಾದೆಯಿಂದ ಹೇಳಿದ: “ಯಜಮಾನ್ರ, ಸ್ವಲ್ಪ ಕುಂದ್ರಿ. ನಿಮ್ಮ ತಲಿ ಅಡ್ಡ ಬಂದು ದೆವ್ವ ಕಾಣವಲ್ದು.”

೨. ಐದು ನಿಂಬೆಹಣ್ಣು

ಒಂದು ವಾರ ಕಳೆಯುವುದರೊಳಗೆ ನಮ್ಮ ಹೊಸ್ತಿಲ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು ಬೀಳತೊಡಗಿದವು. ಅದಿರಿನ ಲಾರಿಯವರು ಸಿನಿಮಾ ನೋಡಿ ಬಂದು, ಮನೆ ಎದುರು ಗಾಡಿ ನಿಲ್ಲಿಸಿ, ಘಾಟಿಯಲ್ಲಿ ಬ್ರೇಕು ಕೈಕೊಡದಿರಲೆಂದು ಕಾಯಿ ಒಡೆದು ಹೋಗುತ್ತಿದ್ದರು. ಹಂಪಿಯ ವಿರೂಪಾಕ್ಷ ಇಷ್ಟು ಹತ್ತಿರದಲ್ಲಿ ಕುಳಿತಿರುವಾಗ ಇವರಿಗೆ ನಮ್ಮ ಮನೆ ದೆವ್ವವೇ ಬೇಕಾಯಿತು!

ಒಂದು ಬೆಳಿಗ್ಗೆ ಮೈತುಂಬ ಕೆಂಪು ಧೂಳಿನ ಡ್ರೈವರ್ ಒಬ್ಬ ನನ್ನ ಅಂಗಡಿಗೇ ಬಂದ.

“ಒಂದು ಕಾಯಿ, ಐದು ನಿಂಬಿಹಣ್ಣು ಕೊಡ್ರಿ.”

“ಯಾವ ಗುಡಿಗಪ್ಪಾ?”

“ಗುಡಿಗಲ್ರೀ. ಆ ದೆವ್ವದ ಮನಿ ಇಲ್ಲೇ ಎಲ್ಲೋ ಬರ್ತೈತಂತಲ್ಲ?”

ನನಗೆ ಎಲ್ಲಿತ್ತೋ ಸಿಟ್ಟು. ಮಾರಲು ಇಟ್ಟ ಕಾಯಿಯನ್ನು ಕಿತ್ತು ಒಳಗಿಟ್ಟೆ. “ನಿನಗ ಕಾಯಿ ಕೊಡಂಗಿಲ್ಲ. ಅದು ದೆವ್ವದ ಮನಿ ಅಲ್ಲ, ನನ್ನ ಮನಿ. ನಾನು ಅದರ ಯಜಮಾನ. ಹುಟ್ಟಿದಾಗಿಂದ ಅಲ್ಲೇ ಅದೀನಿ!”

ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಹಣೆಯ ವಿಭೂತಿ ನೋಡಿದ, ಕಾಲು ನೆಲಕ್ಕೆ ತಾಗಿವೆಯೋ ಇಲ್ಲವೋ ಎಂದು ಬಗ್ಗಿ ನೋಡಿದ. ಆಮೇಲೆ ಕೈ ಮುಗಿದು ಮೆಲ್ಲಗೆ ಕೇಳಿದ: “ಸಿನಿಮಾದಾಗ ಯಜಮಾನ್ರು ಕೊನಿಗೆ ಸತ್ತು ಹೋದ್ರಲ್ರೀ... ನೀವು ಹೋಗಿ ಎಷ್ಟು ದಿನ ಆತ್ರೀ?”

೩. ಧಣಿಯ ದರ್ಶನ

ಇದು ಹೀಗೇ ಬಿಟ್ಟರೆ ವಡ್ಡಿನವರ ಕಿವಿಗೂ ಮುಟ್ಟುತ್ತದೆ ಎಂದು ನನಗೆ ದಿಗಿಲು. ಸಂಡೂರಿನ ಬಸ್ಸು ಹತ್ತಿದೆ. ಧಣಿಯ ಬಂಗಲೆಯ ಮುಂದೆ ನಮ್ಮ ಓಣಿಯಲ್ಲಿ ಸೈಕಲ್ ನಿಂತಂತೆ ಕಾರು ನಿಂತಿದ್ದವು. ಎರಡು ತಾಸು ಕೂರಿಸಿ ಒಳಗೆ ಬಿಟ್ಟರು.

ನಾನು ಕುಳಿತುಕೊಳ್ಳದೆ ಹೇಳಿದೆ: “ಧಣ್ಯಾರ, ಭಾಷಿ ಕೊಟ್ಟು ಮುರದೀರಿ. ಶಿವ ಇರೋ ಕೋಣ್ಯಾಗ ದೆವ್ವ ಕುಂದ್ರಿಸೀರಿ. ನನ್ನ ಮಗಳ ಲಗ್ನದ ಮಾತು ನಡದೈತಿ. ಆ ಬಾಗಿಲು ಸಿನಿಮಾದಿಂದ ತೆಗೀರಿ.”

ಧಣಿ ಬಾಗಿಲ ಕಡೆ ನೋಡಿದ, ಆಳುಗಳನ್ನು ಹೊರಗೆ ಕಳಿಸಿದ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ.

“ಅಜ್ಜಾರ, ಖರೇ ಹೇಳ್ರಿ. ಆಕಿ ರಾತ್ರಿ ಅಷ್ಟ ಬರ್ತಾಳೋ, ಹಗಲೂ ಬರ್ತಾಳೋ?”

“ಯಾರ್ರೀ?”

“ಅದ, ದೀಪದಾಕಿ.”

“ಸಿನಿಮಾ ತೆಗೆದವರು ನೀವು! ಅದು ನಿಮ್ಮ ನಟಿ! ನೀವು ನೋಡಿಲ್ಲೇನು?”

“ಎಲ್ಲಿ ನೋಡ್ಲಿ ಅಜ್ಜಾರ, ನನಗ ಸಣ್ಣಾಂವ ಇದ್ದಾಗಿಂದ ದೆವ್ವ ಅಂದ್ರ ಅಂಜಿಕಿ” ಎಂದು ಧಣಿ ತಲೆ ಬಗ್ಗಿಸಿದ. “ಬಂದದ್ದು ಬಂದೀರಿ, ಒಂದಿಷ್ಟು ವಿಭೂತಿ ಹಚ್ಚಿ ಹೋಗ್ರಿ.”

ಶಿವನ ಹೆಸರಿನಲ್ಲಿ ಕೇಳಿದ ವಿಭೂತಿ, ಇಲ್ಲ ಎನ್ನಲಾಗಲಿಲ್ಲ. ಹಚ್ಚಿದೆ. ಹಲ್ಲು ಕಚ್ಚಿಕೊಂಡೇ ಹಚ್ಚಿದೆ.

೪. ಗಾದಿಗನೂರಿನ ಟೆಂಪೊ

ಗಾದಿಗನೂರಿನಿಂದ ಒಂದು ಟೆಂಪೊ ತುಂಬ ಜನ ಮನೆ ನೋಡಲು ಬಂದಿಳಿದರು. ಮನೆಗೆ ಬಂದವರಿಗೆ ನೀರು ಕೊಡದಿರುವುದು ನಮ್ಮ ಪದ್ಧತಿಯಲ್ಲ. ನನ್ನಾಕೆ ತಂಬಿಗೆ ತಂದಳು. ಒಬ್ಬರೂ ಮುಟ್ಟಲೊಲ್ಲರು. “ಈ ಮನಿ ನೀರು ಕುಡಿದ್ರ ಬೆನ್ನ ಹತ್ತತೈತಂತ್ರೀ” ಎಂದಳು ಒಬ್ಬಾಕೆ, ಕೆಂಪು ಮಣ್ಣು ಮೆತ್ತಿದ ಚಪ್ಪಲಿಯಲ್ಲೇ ಪಡಸಾಲೆಗೆ ಕಾಲಿಡುತ್ತ.

ನನ್ನಾಕೆ ತಂಬಿಗೆ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಚಪ್ಪಲಿ ಹೊರಗ! ದೆವ್ವ ಇದ್ದಿದ್ರ ಎಷ್ಟೋ ಚಲೋ ಇತ್ತು, ಅದಕ್ಕ ಕಾಲ ಇರಂಗಿಲ್ಲ, ನೆಲ ಹೊಲಸಾಗ್ತಿದ್ದಿಲ್ಲ!”

೫. ಹೆಣ್ಣು ನೋಡುವ ಶಾಸ್ತ್ರ

ಆ ಸೋಮವಾರ ಬಂತು. ಅದರ ಹಿಂದೆಯೇ ಸುದ್ದಿಯೂ ಬಂತು. ಹುಡುಗನ ಸೋದರಮಾವ, ಅಂದರೆ ಬೀಗಿತಿಯಾಗಬೇಕಾದವರ ತಮ್ಮ, ಸಿನಿಮಾ ನೋಡಿದ್ದಾನೆ. “ಆ ಮನಿ ಹೆಣ್ಣು ಬ್ಯಾಡ” ಎಂದು ಹಟ ಹಿಡಿದಿದ್ದಾನೆ.

ಹತ್ತು ಗಂಟೆಗೆ ಬರಬೇಕಾದವರು ಮಧ್ಯಾಹ್ನವಾದರೂ ಇಲ್ಲ. ನಾಲ್ಕಾಯಿತು, ಐದಾಯಿತು. ಮಾಡಿದ ಹೋಳಿಗೆ ತಣ್ಣಗಾಯಿತು. ಮಗಳು ಮುಡಿದ ಮಲ್ಲಿಗೆ ತೆಗೆದಿಟ್ಟಳು, ರೇಷ್ಮೆ ಸೀರೆ ಮಡಿಚಿದಳು, ತಲೆ ಮೇಲೆ ನೀರು ಹಾಕಿಕೊಂಡು, ಬಿಳಿ ಮಡಿ ಸೀರೆ ಉಟ್ಟು ದೇವರ ಮನೆ ಹೊಕ್ಕಳು. ಪ್ರತಿ ಸೋಮವಾರ ಮುಸ್ಸಂಜೆ ದೇವರ ದೀಪ ತಂದು ಹೊಸ್ತಿಲಿಗೆ ಬೆಳಗುವುದು ಆಕೆಯದೇ ಕೆಲಸ.

ಆಗಲೇ ಜೀಪಿನ ಸದ್ದು. ಸಂಡೂರು ರಸ್ತೆಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ಬೆಳಗಿನಿಂದ ಅಲ್ಲೇ ನಿಂತಿದ್ದರಂತೆ. ಧೂಳು ಕುಡಿದು ಮೂವರ ಮುಖವೂ ಕೆಂಪು. ತಾಯಿ ಮುಂದೆ, ಮಗ ಹಿಂದೆ. ಸೋದರಮಾವ ಒಂದು ಕಾಲು ಮಾತ್ರ ಒಳಗಿಟ್ಟು ನಿಂತ.

“ಅಕ್ಕಾ, ಇನ್ನೂ ಹೊತ್ತು ಮೀರಿಲ್ಲ, ಬ್ಯಾಡ! ಅದ ಮನಿ, ಅದ ಕಂಬ. ನಾ ಕಣ್ಣಾರೆ ನೋಡೀನಿ, ಆಕಿ ಅಕ್ಕೋ ಅಲ್ಲಿಂದ...”

ಹಿತ್ತಾಳೆ ಹೂಗಳ ಬಾಗಿಲು ಕಿರ್ರೆಂದಿತು. ಒಳಗಿಂದ ತಲೆ ಬಿಟ್ಟುಕೊಂಡು, ಬಿಳಿ ಸೀರೆ ಉಟ್ಟು, ಕೈಯಲ್ಲಿ ದೀಪ ಹಿಡಿದು ನನ್ನ ಮಗಳು ಬಂದಳು.

“ಯಪ್ಪೋ!” ಎಂದದ್ದು ಮಾತ್ರ ಕೇಳಿತು. ಆಮೇಲೆ ನೋಡಿದರೆ ಹೊಸ್ತಿಲಲ್ಲಿ ಒಂದು ಚಪ್ಪಲಿ, ಅಂಗಳದಲ್ಲಿ ಇನ್ನೊಂದು. ಸೋದರಮಾವ ಓಣಿಯ ಕೊನೆಯ ಅಕ್ಕಿ ಗಿರಣಿಯಲ್ಲಿ, ಚೀಲಗಳ ಸಂದಿಯಲ್ಲಿ ಸಿಕ್ಕದ್ದು ಎಷ್ಟೋ ಹೊತ್ತಿನ ಮೇಲೆ.

ಎಲ್ಲ ಮುಗಿಯಿತು ಎಂದುಕೊಂಡೆ. ಮೂರು ವಾರದ ಸಿಟ್ಟು ಒಮ್ಮೆಲೇ ಬಾಯಿಗೆ ಬಂತು. “ತಾಯೀ, ಈಕಿ ನನ್ನ ಮಗಳು. ಆ ಕೋಣ್ಯಾಗ ಇರೋದು ಶಿವ. ನಂಬೋದಿದ್ರ ಕುಂದ್ರಿ. ಸಿನಿಮಾ ನಂಬೋದಿದ್ರ ನಿಮ್ಮ ಜೀಪು ಅಲ್ಲೈತಿ.”

ಆ ತಾಯಿ ಚಪ್ಪಲಿ ಬಿಟ್ಟರು, ಕಾಲು ತೊಳೆದರು, ನೇರ ದೇವರ ಮನೆಯ ಬಾಗಿಲಿಗೆ ಹೋಗಿ ನಿಂತರು.

“ಇದೇ ಬಾಗಿಲೇನ್ರೀ?”

“ಹೌದ್ರಿ.”

ಬಾಗಿಲನ್ನು ಹಿಂದೆ ಮುಂದೆ ಆಡಿಸಿದರು. ಒಳಗೆ ಬಗ್ಗಿ ನೋಡಿದರು. ತಿರುಗಿದಾಗ ನೋಡಬೇಕಿತ್ತು ಅವರ ಮುಖ, ನನಗಿಂತ ಹೆಚ್ಚು ಸಿಟ್ಟು!

“ಚಿಲಕ ಒಳಗೈತಿ! ಪುಸ್ತಕದಾಗ ಆ ಹುಡುಗಿನ್ನ ಅಣ್ಣ ಹೊರಗಿಂದ ಕೂಡಿ ಹಾಕಿರ್ತಾನ. ಒಳಗಿನ ಚಿಲಕ ತಾನೇ ಹಾಕ್ಕೊಂಡು ಇಪ್ಪತ್ತು ವರ್ಷ ಯಾರ ಕುಂತಾರ್ರೀ? ಇಷ್ಟೂ ನೋಡದಂಗ ಸಿನಿಮಾ ತೆಗೆದಾರ! ಬದುಕಿದ್ದಾಕಿನ್ನ ದೆವ್ವ ಮಾಡ್ಯಾರ! ಟಾಕೀಸಿನಾಗ ನನಗ ಎದ್ದು ಬೈಬೇಕು ಅನಿಸಿತ್ತು.”

“ನಾನು ಎದ್ದು ಬೈದೀನ್ರಿ” ಎಂದೆ.

“ಭಾಳ ಚಲೋ ಮಾಡಿದ್ರಿ ಬೀಗರ!” ಎಂದರು.

ಬೀಗರ! ನನ್ನಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೋಳಿಗೆ ಬಿಸಿ ಮಾಡಲು ಓಡಿದಳು. ಹುಡುಗ ಮಗಳನ್ನು ನೋಡುತ್ತಿದ್ದ, ಆಕೆ ದೀಪವನ್ನು ನೋಡುತ್ತಿದ್ದಳು. ಮುಂದಿನ ಅರ್ಧ ಗಂಟೆ ಆ ತಾಯಿಯೂ ನಾನೂ ಕೂಡಿ ಸಿನಿಮಾದವರ ಜನ್ಮ ಜಾಲಾಡಿದೆವು. ಅಷ್ಟು ತೃಪ್ತಿಯಾಗಿ ನಾನು ಯಾರೊಂದಿಗೂ ಕೂಡಿ ಬೈದದ್ದಿಲ್ಲ.

ಎಲೆ ಅಡಿಕೆ ಹಿಡಿದು ಸಂಬಂಧ ಗಟ್ಟಿಯಾದ ಮೇಲೆ ಅವರು ಮಗಳನ್ನು ಹತ್ತಿರ ಕೂರಿಸಿಕೊಂಡರು.

“ಆ ಪುಸ್ತಕ ಓದಿಯೇನವ್ವಾ?”

“ಮೂರು ಸಲ ಓದೀನ್ರಿ.”

“ಹಂಗಾರ ನಿನಗ ತಿಳೀತೈತಿ. ನನ್ನ ತಮ್ಮ ವಾರಕ್ಕೊಮ್ಮೆ ಬಂದು ಕುಂದ್ರತಾನ, ನನ್ನ ಹೊಲ ಗಣಿಯವರಿಗೆ ಬರಕೊಡು ಅಂತ. ಎಷ್ಟು ಬೈದ್ರೂ ಎದ್ದು ಹೋಗಂಗಿಲ್ಲ. ನಮ್ಮ ಮನಿಗೆ ಬಂದ ಮ್ಯಾಲೆ, ಅವನು ಬಂದಾಗೊಮ್ಮೆ, ನೀ ಹಿಂಗ ತಲಿ ಬಿಟ್ಕೊಂಡು ದೀಪ ಹಿಡಕೊಂಡು ಹೊರಗ ಬರಬೇಕು ನೋಡು. ಆಗ್ತೈತಿಲ್ಲೋ?”

ಮಗಳು ತಲೆ ತಗ್ಗಿಸಿಯೇ ಹೇಳಿದಳು: “ಅವರನ್ನ ಸೋಮವಾರ ಕರೀರಿ ಅತ್ತಿ, ಹೆಂಗೂ ಮಡೀಲಿ ಇರ್ತೀನಿ.”