ನಮ್ಮ ಮಹಡಿಗೆ ಬಂದ ಲಗ್ನಪತ್ರಿಕೆ ಹುಡುಗಿ

ಮನೆಯ ಮಹಡಿಯನ್ನು ಸಾಫ್ಟ್‌ವೇರ್ ಕಂಪನಿಗೆ ಬಾಡಿಗೆಗೆ ಕೊಟ್ಟವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಮೆಟ್ಟಿಲಿಳಿದು ಬರುತ್ತವೆ. ನನ್ನಾಕೆ ತೀರಿಕೊಂಡ ಮೇಲೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಗಡಿಯಾರದ ಸದ್ದು ಜಾಸ್ತಿ ಕೇಳಿಸುತ್ತಿತ್ತು. ಅದಕ್ಕೇ ಕೊಟ್ಟೆ. ಒಬ್ಬ ಬಾಸು, ಮೂವರು ಇಂಜಿನಿಯರ್‌ಗಳು. ಕಲ್ಯಾಣ ಮಂಟಪಗಳನ್ನು ಇಂಟರ್ನೆಟ್ಟಿನಲ್ಲಿ ಬುಕ್ ಮಾಡುವ ವೆಬ್‌ಸೈಟ್ ಕಟ್ಟುತ್ತಿದ್ದರು. ಐದನೆಯವಳಾಗಿ ಒಬ್ಬ ಹುಡುಗಿ ಸೇರಿದಳು. ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಆರು ವರ್ಷ ಲಗ್ನಪತ್ರಿಕೆ ಡಿಸೈನ್ ಮಾಡಿದವಳು. ಸಂಜೆ ಕ್ಲಾಸಿನಲ್ಲಿ ವೆಬ್ ಪುಟ ಮಾಡಲು ಕಲಿತಿದ್ದಳು. ಮೂರು ತಿಂಗಳು ನೋಡಿ, ಹಿಡಿಸಿದರೆ ಖಾಯಂ ಎಂದು ಮಾತಾಗಿತ್ತು. ಪ್ರೆಸ್ಸಿನಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು.

೧. ಅಡುಗೆಯವರು

"ಫ್ರಂಟ್ ಎಂಡ್ ಅಂದ್ರೆ ಏನಮ್ಮಾ?" ಎಂದು ಅವಳ ಕೆಲಸದ ಹೆಸರು ಕೇಳಿ ಮೊದಲ ದಿನ ವಿಚಾರಿಸಿದೆ.

"ಇವರು ಒಳಗಡೆ ಅಡುಗೆ ಮಾಡ್ತಾರೆ ಮೇಷ್ಟ್ರೇ. ನಾನು ಎಲೆ ಹಾಕಿ ಬಡಿಸ್ತೀನಿ."

ಹಿಂದೆ ಬರುತ್ತಿದ್ದ ಇಂಜಿನಿಯರ್ ಪಕ್ಕದವನಿಗೆ ಮೆಲ್ಲಗೆ ಹೇಳಿದ: "ಮಗಾ, ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಭಟ್ಟರಾದ್ವಿ."

೨. ಸ್ಟೀಲ್ ಸ್ಕೇಲು

ಎರಡನೆಯ ವಾರ ಅವಳು ನನ್ನ ಸ್ಟೀಲ್ ಸ್ಕೇಲು ಕೇಳಿ ಒಯ್ದಳು. ನೋಡಿದರೆ, ಕಂಪ್ಯೂಟರ್ ಪರದೆಯ ಮೇಲಿಟ್ಟು ಅಂಚು ಅಳೆಯುತ್ತಿದ್ದಾಳೆ. ಎಡಕ್ಕಿಂತ ಬಲಕ್ಕೆ ಎರಡು ಮಿಲಿಮೀಟರ್ ಹೆಚ್ಚು.

ಇಂಜಿನಿಯರ್ ನಕ್ಕ. "ಇದು ಕಾರ್ಡ್ ಅಲ್ಲ. ಒಂದೊಂದು ಕಂಪ್ಯೂಟರಲ್ಲಿ ಒಂದೊಂದು ಥರ ಬರುತ್ತೆ."

"ಹಾಗಾದ್ರೆ ನೀವು ಯಾರ ಕಂಪ್ಯೂಟರ್‌ಗೆ ಮಾಡಿದ್ದೀರ?"

ಅವನು ತನ್ನ ಮೇಜಿನತ್ತ ತಿರುಗಿ ನೋಡಿದ. "ನಂದಕ್ಕೆ."

೩. ಹಿರಿಯರ ಸಹಿ

ಪ್ರೆಸ್ಸಿನಲ್ಲಿ ಮನೆಯ ಹಿರಿಯರು ಪ್ರೂಫಿಗೆ ಸಹಿ ಹಾಕದೆ ಮೆಷಿನ್ ತಿರುಗುವುದಿಲ್ಲ. ಅವಳು ವೆಬ್‌ಸೈಟಿನ ಪುಟಗಳನ್ನೆಲ್ಲ ಪ್ರಿಂಟ್ ತೆಗೆದು ನನ್ನ ಮುಂದಿಟ್ಟಳು.

"ಇದನ್ನ ಯಾವಾಗ ಬೇಕಾದ್ರೂ ಬದಲಾಯಿಸಬಹುದು ಕಣಮ್ಮ," ಎಂದ ಬಾಸು.

"ಹಂಚಿದ ಮೇಲೂನಾ ಸಾರ್?" ಅವಳಿಗೆ ನಂಬಿಕೆ ಬರಲಿಲ್ಲ.

ನಾನು ಕೆಂಪು ಪೆನ್ನು ಹಿಡಿದು ಕೂತೆ. ಕೊನೆಯ ಪುಟದಲ್ಲಿ ಆಫೀಸಿನ ಫೋನ್ ನಂಬರು ಇತ್ತು. ಎಂಟು ಅಂಕಿ ಇರಬೇಕಾದಲ್ಲಿ ಏಳು. ಎರಡು ಸಲ ಎಣಿಸಿ ಬಾಸನ್ನು ಕರೆದು ತೋರಿಸಿದೆ. ಆ ಪುಟ ಎರಡು ತಿಂಗಳಿಂದ ಹಾಗೆಯೇ ಇತ್ತಂತೆ.

ಅವನು ಬೆರಳಿಟ್ಟು ತಾನೂ ಎಣಿಸಿದ. "ಮೇಷ್ಟ್ರೇ, ನಾನು ಮಾರ್ಕೆಟ್ಟೇ ಸರಿ ಇಲ್ಲ ಅಂದ್ಕೊಂಡಿದ್ದೆ."

ಅವನು ಹೋದ ಮೇಲೆ ಒಬ್ಬನೇ ಕೂತು ನಕ್ಕೆ. ಹಾಗೆ ನಕ್ಕು ಬಹಳ ದಿನಗಳಾಗಿದ್ದವು.

೪. ಬೂದು ಬಣ್ಣದ ತಿಂಗಳು

ಮೂರನೆಯ ತಿಂಗಳ ಕೊನೆಗೆ ವಿಜಯನಗರದ ಮಂಟಪದ ಮಾಲೀಕರೊಬ್ಬರು ವೆಬ್‌ಸೈಟ್ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಕಂಪನಿಗೆ ಮೊದಲ ಗಿರಾಕಿ, ಹುಡುಗಿಗೆ ಖಾಯಂ ಕೆಲಸ. ಹಿಂದಿನ ದಿನವೇ ಜಗಳವಾಗಿತ್ತು. ಅವಳು ಕ್ಯಾಲೆಂಡರಿನಲ್ಲಿ ಆಷಾಢದ ಅಷ್ಟೂ ದಿನಗಳಿಗೆ ಬೂದು ಬಣ್ಣ ಬಳಿದು, ಒತ್ತಿದರೂ ಬುಕ್ ಆಗದಂತೆ ಮಾಡಿದ್ದಳು.

"ಕೆಟ್ಟುಹೋಗಿದೆ ಅಂದ್ಕೋತಾರೆ, ತೆಗಿ," ಎಂದಿದ್ದ ಬಾಸು.

"ಆರು ವರ್ಷದಲ್ಲಿ ಆಷಾಢದ ಒಂದು ಕಾರ್ಡೂ ಮಾಡಿಲ್ಲ ಸಾರ್. ತೆಗಿಯಲ್ಲ."

ಒಂದಾದರೂ ನರೆತ ತಲೆ ಇರಲಿ ಎಂದು ನನ್ನನ್ನೂ ಕೂರಿಸಿದ್ದರು. ಹಣೆತುಂಬ ವಿಭೂತಿ ಹಚ್ಚಿದ್ದ ಮಾಲೀಕರು ಮೌಸ್ ಹಿಡಿದು ನೇರ ಆಷಾಢಕ್ಕೇ ಹೋದರು. ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ದಿನ ಒತ್ತಿದರು. ಹುಡುಗಿ ನೆಲ ನೋಡುತ್ತಿದ್ದಳು.

"ಸಾರಿ ಸಾರ್," ಬಾಸು ಎದ್ದು ನಿಂತ. "ಸಂಜೆಯೊಳಗೆ ಸರಿ ಮಾಡಿಸ್ತೀನಿ."

"ಸರಿ ಮಾಡಿದ್ರೆ ನಾನು ಎದ್ದು ಹೋಗ್ತೀನಿ," ಎಂದರು ಮಾಲೀಕರು. "ಮೂರು ಕಂಪನಿಯವರು ಬಂದು ತೋರಿಸಿದ್ರು. ಮೂವರೂ ಆಷಾಢದಲ್ಲಿ ನನ್ನ ಮಂಟಪದಲ್ಲಿ ಮದುವೆ ಮಾಡಿಸಿದ್ರು. ಇದನ್ನ ಮಾಡಿದ್ದು ಯಾರು?"

ಬಾಸು ಅವಳತ್ತ ಕೈ ತೋರಿಸಿದ. "ನಮ್ಮ ಖಾಯಂ ಸ್ಟಾಫ್ ಸಾರ್."

ಖಾಯಂ ಆದ ಸುದ್ದಿ ಅವಳಿಗೂ ಆಗಲೇ ಗೊತ್ತಾದದ್ದು. ಮಾಲೀಕರು ಗೋಡೆಗೊರಗಿ ನಿಂತಿದ್ದ ಮೂವರು ಇಂಜಿನಿಯರ್‌ಗಳನ್ನು ನೋಡಿದರು.

"ಇವರಿಗೆಲ್ಲ ಮದುವೆ ಆಗಿದೆಯಾ?"

"ಇಲ್ಲ ಸಾರ್."

"ಅದೇ ಅಂದ್ಕೊಂಡೆ. ಆಗೋವಾಗ ನಮ್ಮ ಮಂಟಪಕ್ಕೇ ಬನ್ನಿ. ದಿನ ಮಾತ್ರ ನೀವು ನೋಡಬೇಡಿ, ಆ ಹುಡುಗೀನ ಕೇಳಿ."