ವೈಫೈ ಹಾಕಲು ಕಲಿತವನೂ ಹಾಕಿಸಿಕೊಂಡವರೂ

ಮನೆಮನೆಗೆ ವೈಫೈ ಹಾಕುವುದು ನನ್ನ ಕೆಲಸ. ಒಂದು ತಂತಿ, ಒಂದು ಪೆಟ್ಟಿಗೆ, ಇದರಲ್ಲಿ ನಗುವುದಕ್ಕೇನಿದೆ ಅಂತ ನೀವು ಕೇಳಬಹುದು. ಮಧುಗಿರಿಯಿಂದ ಪಾವಗಡದವರೆಗೆ ನಾನು ನಗದೆ ವಾಪಸ್ ಬಂದ ವಾರವೇ ಇಲ್ಲ. ಮೊದಲ ನಗು ಮಾತ್ರ ನನ್ನ ಮೇಲೆಯೇ.

೧. ಎರಡು ತುದಿ

ಕೆಲಸ ಕಲಿಯುತ್ತಿದ್ದ ಹೊಸತು. ಶಿರಾದಲ್ಲಿ ಒಬ್ಬ ಟೈಲರ್ ಸಾಹೇಬರ ಮನೆ. ಗೋಡೆ ಕೊರೆದು, ತಂತಿ ಎಳೆದು, ರೂಟರ್ ಕೂರಿಸಿದೆ. ಲೈಟುಗಳೆಲ್ಲ ಮಿನುಗುತ್ತಿವೆ, ಇಂಟರ್‌ನೆಟ್ ಮಾತ್ರ ಇಲ್ಲ. ಒಂದು ಗಂಟೆ ಒದ್ದಾಡಿದೆ. ಕೊನೆಗೆ ಸಾಹೇಬರೇ ಕನ್ನಡಕ ಏರಿಸಿ, ತಂತಿಯನ್ನು ಬೆರಳಲ್ಲಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಬಂದರು. ಎರಡೂ ತುದಿಯನ್ನು ನಾನು ಅದೇ ರೂಟರಿಗೆ ಸಿಕ್ಕಿಸಿದ್ದೆ.

"ಪರ್ವಾಗಿಲ್ಲ ಬೇಟಾ," ಅಂದರು ಚಹಾ ಕೊಡುತ್ತ. "ನಾನೂ ಕಲಿಯೋವಾಗ ಪೈಜಾಮದ ಎರಡು ಕಾಲೂ ಸೇರಿಸಿ ಹೊಲ್ದಿದ್ದೆ."

೨. ಬೀರು

ಪಾವಗಡದ ಕಡೆಯ ಹಳ್ಳಿ. "ಸಿಗ್ನಲ್ಲೇ ಬರಾಕಿಲ್ಲ" ಅಂತ ಫೋನು. ಹೋದರೆ ಹಾಕಿದ ಜಾಗದಲ್ಲಿ ರೂಟರೇ ಇಲ್ಲ. ಮನೆಯ ಅಜ್ಜಿ ಸೊಂಟದ ಬೀಗದಕೈ ತೆಗೆದು ಕಬ್ಬಿಣದ ಬೀರು ತೆರೆದರು. ಹಿಂದೆ ತೂತು ಕೊರೆಸಿ ವೈರು ಬಿಟ್ಟು, ಒಡವೆ ಡಬ್ಬದ ಪಕ್ಕದಲ್ಲೇ ಅದನ್ನು ಕೂರಿಸಿದ್ದರು.

"ಬೆಲೆ ಬಾಳೋ ಸಾಮಾನು ಬೀರುನಾಗೆ ಇಕ್ಕದೆ ಇನ್ನೆಲ್ಲಿ ಇಕ್ಕಾದಪ್ಪ?"

"ಕಬ್ಬಿಣ ದಾಟಿ ಸಿಗ್ನಲ್ ಬರಲ್ಲ ಅಜ್ಜಿ, ಬೀರು ಬಾಗಿಲು ಮುಚ್ಚಬೇಡಿ," ಅಂದೆ.

ತಿಂಗಳಾದ ಮೇಲೆ ಮತ್ತೆ ಹೋದಾಗ ರೂಟರ್ ಬೀರುವಿನಲ್ಲೇ ಇತ್ತು, ಬಾಗಿಲು ಹಾರು ಹೊಡೆದಿತ್ತು. ಒಡವೆ ಎಲ್ಲಿ ಅಂತ ಗಾಬರಿಯಿಂದ ಕೇಳಿದೆ.

"ತಂಗಿ ಮನೇಲಿ ಇಕ್ಬುಟ್ಟು ಬಂದೆ. ಬಾಗ್ಲು ತೆಗ್ದಿರೋ ಬೀರುನಾಗೆ ಯಾರಾದ್ರೂ ಬಂಗಾರ ಇಕ್ತಾರಾ?"

೩. ದೊಡ್ಡಮ್ಮನ ಪಾಸ್‌ವರ್ಡ್

ಮಧುಗಿರಿಯ ಒಂದು ಬೀದಿ. ಬೀದಿಗೆಲ್ಲ ದೊಡ್ಡಮ್ಮ ಅನ್ನಿಸಿಕೊಂಡ ಹಿರಿಯರೊಬ್ಬರ ಮನೆಗೆ ವೈಫೈ ಹಾಕಿ, ಪಾಸ್‌ವರ್ಡನ್ನು ಅವರ ಕೈಯಲ್ಲೇ ಹಾಕಿಸಿದೆ. ಆ ಹೊತ್ತಿನಲ್ಲಿ ಮುಖ ತಿರುಗಿಸಿ ನಿಲ್ಲುವುದು ನನ್ನ ಪದ್ಧತಿ. ಅಷ್ಟರಲ್ಲಿ ಎದುರುಮನೆಯ ಹುಡುಗಿ ಓಡಿ ಬಂದಳು. ನರ್ಸಿಂಗ್ ಸೀಟಿನ ಅರ್ಜಿಗೆ ಅಂದೇ ಕೊನೆಯ ದಿನ, ಅವಳ ಫೋನಿನ ಡೇಟಾ ಮುಗಿದಿತ್ತು. ಕಣ್ಣಲ್ಲಿ ನೀರು.

"ಪಾಸ್‌ವರ್ಡ್ ಕೊಡಿ ದೊಡ್ಡಮ್ಮ."

ದೊಡ್ಡಮ್ಮ ದೇವರ ಗೂಡಿನತ್ತ ನೋಡಿದರು. ಆಗತಾನೇ ಸಂಜೆಯ ದೀಪ ಹಚ್ಚಿದ್ದರು. "ದೀಪ ಹಚ್ಚಿದ್ಮೇಲೆ ಮೊಸರೇ ಕೊಡಾಕಿಲ್ಲ, ಇದನ್ನ ಹೆಂಗಮ್ಮ ಕೊಡ್ಲಿ?" ಅನ್ನುವಾಗ ಅವರ ಮುಖವೂ ಬಾಡಿತ್ತು.

ಆಮೇಲೆ ರಂಗೋಲಿ ಬಟ್ಟಲು ಹಿಡಿದು ಹೊರಗೆ ಹೋದರು. ಹೊಸ್ತಿಲಾಚೆ ಬೀದಿಯಲ್ಲಿ ಎಂಟು ಅಂಕಿ ದಪ್ಪದಪ್ಪಗೆ ಬರೆದರು. "ನಾನ್ ಕೊಟ್ಟಿಲ್ಲ ಕಣಮ್ಮ. ಬೀದೀಲಿತ್ತು, ನೀನ್ ನೋಡ್ಕಂಡೆ."

ಅರ್ಜಿ ಹೋಯಿತು. ಹುಡುಗಿ ದೊಡ್ಡಮ್ಮನ ಕಾಲಿಗೆ ಬಿದ್ದಳು. ನನ್ನ ಕಣ್ಣೂ ಒದ್ದೆಯಾದದ್ದು ಸುಳ್ಳಲ್ಲ.

ಬೆಳಿಗ್ಗೆ ದೊಡ್ಡಮ್ಮನ ಫೋನು, "ನೆಟ್ಟು ನಿಂತೇ ಹೋಗೈತಲ್ಲಾ!" ಹೋಗಿ ನೋಡಿದರೆ ಇಡೀ ಬೀದಿಯ ಫೋನುಗಳು ಅವರ ವೈಫೈಯಲ್ಲೇ ಇದ್ದವು.

"ಕೆಲಸ ಆದ ತಕ್ಷಣ ಅದನ್ನ ಗುಡಿಸಿ ಹಾಕಬಾರದಿತ್ತಾ ದೊಡ್ಡಮ್ಮ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದೀಪ ಹಚ್ಚಿದ್ಮೇಲೆ ಪೊರಕೆ ಮುಟ್ತಾರೇನ್ಲಾ?"